ಹಳೇ ಹಾಡೇ ಚೆಂದ ಅನ್ನೋ ಮುಂಚೆ ಮಾಡಬೇಕಾದ ಪರೀಕ್ಷೆ

ಜನವರಿಯಲ್ಲಿ ಕಣದ ತುಂಬ ರೋಬಸ್ಟಾ ಒಣಗಲು ಹಾಕಿದ್ದೆವು. ಅಕ್ಕನ ಮಗಳು ಮಂಗಳೂರಿನ ಕಾಲೇಜಿನಿಂದ ರಜೆಗೆ ಬಂದಿದ್ದಳು. ಕಾಫಿ ಕೆದಕುತ್ತಾ ಫೋನಿನಲ್ಲಿ ಯಾವುದೋ ಹೊಸ ಹಾಡು ಹಾಕಿದಳು. ಸೋಮವಾರಪೇಟೆ ಕಡೆಯ ಎಲ್ಲಾ ಮಾವಂದಿರೂ ಹೇಳೋದನ್ನೇ ನಾನೂ ಹೇಳಿದೆ. "ಇದೂ ಒಂದು ಹಾಡಾ? ನಮ್ಮ ಕಾಲದಲ್ಲಿ ಹಾಡು ಅಂದ್ರೆ..." ಮಾತು ಮುಗಿಸೋಕೂ ಬಿಡಲಿಲ್ಲ ಅವಳು. "ಮಾವ, ನೀವು ಕಾಫಿ ಮಾರುವಾಗ ಚೀಲದ ಮೇಲಿನ ಎರಡು ಹಿಡಿ ತೋರಿಸಿ ರೇಟು ಕೇಳ್ತೀರಾ?" ಅಂದಳು.

ಕೇಳಿದರೆ ಯಾವ ವ್ಯಾಪಾರಿ ಕೊಡುತ್ತಾನೆ? ಚೂಪು ತುದಿಯ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ ನಡುವಿನಿಂದ ಒಂದಿಷ್ಟು, ತಳದಿಂದ ಒಂದಿಷ್ಟು ತೆಗೆಯುತ್ತಾನೆ. ಸಿಪ್ಪೆ ಬಿಡಿಸಿ ಬೀಜ ತೂಗುತ್ತಾನೆ. 50 ಕೆ.ಜಿ. ಚೆರ್ರಿಯಲ್ಲಿ, ಅಂದರೆ ಸಿಪ್ಪೆ ಸಮೇತ ಒಣಗಿದ ಕಾಫಿ ಹಣ್ಣಿನಲ್ಲಿ, 26 ಕೆ.ಜಿ. ಬೀಜ ಬಂದರೆ ಔಟ್‌ಟರ್ನ್ 26, 28 ಬಂದರೆ 28. ರೇಟು ನಿಲ್ಲೋದು ಅದರ ಮೇಲೆ.

ನಾನು ಮಾತ್ರ ಹಳೇ ಕಾಲದ ಚೀಲದ ಮೇಲಿನ ಎರಡು ಹಿಡಿಯನ್ನು, ಈ ವರ್ಷದ ಚೀಲದ ತಳದ ಜೊಳ್ಳಿನ ಜೊತೆ ಹೋಲಿಸುತ್ತಿದ್ದೆ. ಆ ಜಗಳದಿಂದಲೇ ನಾವಿಬ್ಬರೂ ಸೇರಿ ಒಂದು ಪರೀಕ್ಷೆ ಮಾಡಿದೆವು. ಎರಡು ಭಾನುವಾರ ಹಿಡಿಯಿತು. ನಿಮ್ಮ ಮನೆಯಲ್ಲೂ ಇದೇ ಜಗಳ ಇದ್ದರೆ, ಇರದೆ ಎಲ್ಲಿ ಹೋಗುತ್ತೆ, ಹೀಗೆ ಮಾಡಿ ನೋಡಿ.

ಮೊದಲು ಒಂದು ಹಾಳೆಯಲ್ಲಿ ನಿಮ್ಮ ದೂರು ಬರೆದಿಡಿ. "ಈಗಿನ ಹಾಡು ಸರಿ ಇಲ್ಲ" ಅಂತ ಬರೆದರೆ ಆಗಲ್ಲ. ಏನು ಸರಿ ಇಲ್ಲ? ಪದವಾ, ರಾಗವಾ, ದನಿಯಾ, ಸದ್ದು ಜಾಸ್ತಿ ಅಂತಲಾ, ನೆನಪಲ್ಲಿ ಉಳಿಯಲ್ಲ ಅಂತಲಾ? ನಾನು ಮೂರು ಬರೆದೆ: ಪದಕ್ಕೆ ಅರ್ಥ ಇಲ್ಲ, ಎಲ್ಲಾ ಒಂದೇ ಥರ ಕೇಳುತ್ತೆ, ಕಿವಿಗೆ ಬಡಿಯುತ್ತೆ. ಬರೆದಿಡೋದು ಯಾಕೆ ಅಂದರೆ, ಇಲ್ಲದಿದ್ದರೆ ಪದದ ವಿಷಯದಲ್ಲಿ ಸೋತಾಗ ನಾವು ಮೆಲ್ಲಗೆ ರಾಗಕ್ಕೆ ಜಾರುತ್ತೇವೆ. ನಾನು ಎರಡು ಸಲ ಜಾರಿದೆ, ಅವಳು ಎರಡು ಸಲವೂ ಹಾಳೆ ತೋರಿಸಿದಳು.

ಮುಂದಿನದು ಮಾದರಿ ತೆಗೆಯೋದು. ಇದರಲ್ಲೇ ಎಲ್ಲರೂ ತಪ್ಪು ಮಾಡೋದು, ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ.

ಅಟ್ಟದ ಮೇಲೆ ನನ್ನ ಕ್ಯಾಸೆಟ್ ಡಬ್ಬ ಇತ್ತು. ನಮ್ಮ ಕಡೆ ಮಳೆಗಾಲ ಗೊತ್ತಲ್ಲ, ಅರ್ಧಕ್ಕರ್ಧ ಬೂಷ್ಟು ಹಿಡಿದಿತ್ತು. ಒಂದರ ಟೇಪು ಹೊರಗೆ ಬಂದಿದ್ದನ್ನು ಪೆನ್ಸಿಲ್ ತೂರಿಸಿ ಸುತ್ತಿ ಒಳಗೆ ಸೇರಿಸಿದೆ. ನೆಂಟರ ಮನೆಯಿಂದ ಟೇಪ್ ರೆಕಾರ್ಡರ್ ತಂದೆ. ಡಬ್ಬದಲ್ಲಿ ಎರಡು ಜಾತಿ ಕ್ಯಾಸೆಟ್ ಇದ್ದವು. ಒಂದು, ಅಂಗಡಿಗೆ ಚೀಟಿ ಬರೆದು ಕೊಟ್ಟು, ಖಾಲಿ ಕ್ಯಾಸೆಟ್ಟಿಗೆ ನಮಗೆ ಬೇಕಾದ ಹಾಡು ತುಂಬಿಸಿಕೊಂಡು ಬಂದದ್ದು. ಇನ್ನೊಂದು, ಒಂದು ಸಿನಿಮಾದ ಹಾಡೆಲ್ಲಾ ಇರುವ ಕಂಪನಿ ಕ್ಯಾಸೆಟ್ಟು.

ನಾನು ವರ್ಷಾನುಗಟ್ಟಲೆ ಕೇಳಿದ್ದು ಮೊದಲನೆಯ ಜಾತಿ. ಅಂದರೆ ಆಗಲೇ ಆರಿಸಿ, ಕೇರಿ, ಜೊಳ್ಳು ತೆಗೆದ ಮಾಲು. "ಹಳೇ ಹಾಡು" ಅಂತ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಈಗ ಕಂಪನಿ ಕ್ಯಾಸೆಟ್ ಹಾಕಿ ಎರಡೂ ಕಡೆ ಪೂರ್ತಿ ಕೇಳಿದೆ. ಎ ಸೈಡು ಸವೆದು ಸದ್ದು ಮಂಕಾಗಿತ್ತು. ಬಿ ಸೈಡು ಹೊಸದರ ಹಾಗೆ ಇತ್ತು, ಯಾಕೆ ಅಂತ ಎರಡು ನಿಮಿಷದಲ್ಲಿ ಗೊತ್ತಾಯಿತು. ಒಂದು ಕುಡುಕನ ಹಾಡು, ಒಂದು ಕ್ಯಾಬರೆ, ಹಿಂದಿ ಟ್ಯೂನಿಗೆ ಕನ್ನಡ ಪದ ತುರುಕಿದ್ದು ಒಂದು, ಮತ್ತೊಂದು ಏನು ಅಂತಲೇ ಗೊತ್ತಾಗಲಿಲ್ಲ. ಅಕ್ಕನ ಮಗಳು ನೆಲದ ಮೇಲೆ ಬಿದ್ದು ನಕ್ಕಳು. ನನಗೂ ನಗು ಬಂತು, ಏನು ಮಾಡೋದು.

ಹಾಗಾಗಿ ಹೀಗೆ ಮಾಡಿ. ಒಂದು ಹಳೇ ವರ್ಷ, ಒಂದು ಹೊಸ ವರ್ಷ ಆರಿಸಿ. ಹಳೇ ವರ್ಷ ನೀವು ಹುಟ್ಟೋಕೆ ಮುಂಚಿನದಾದರೆ ಇನ್ನೂ ಒಳ್ಳೇದು, ನೆನಪಿನ ಕಾಟ ಕಡಿಮೆ. ಆ ವರ್ಷ ಬಂದ ಕನ್ನಡ ಸಿನಿಮಾಗಳ ಪಟ್ಟಿ ಹುಡುಕಿ, ಹಿಟ್ಟು ಫ್ಲಾಪು ನೋಡದೆ ಎಲ್ಲದರ ಹೆಸರನ್ನೂ ಚೀಟಿಯಲ್ಲಿ ಬರೆಯಿರಿ. ಚೀಟಿ ಎತ್ತೋದು ಮನೆಯ ಸಣ್ಣ ಮಗುವಿಗೆ ಬಿಡಿ. ಎರಡೂ ವರ್ಷದಿಂದ ಹನ್ನೆರಡು ಹನ್ನೆರಡು ಹಾಡು ಸಾಕು. "ಟಾಪ್ 50", "ಸೂಪರ್ ಹಿಟ್ಸ್" ಅಂತ ಇರುವ ಪಟ್ಟಿ ಮುಟ್ಟಬೇಡಿ, ಅದು ಚೀಲದ ಮೇಲಿನ ಹಿಡಿ.

ಆಮೇಲೆ ಸದ್ದು ಸರಿ ಮಾಡಿಕೊಳ್ಳಿ. ಹೊಸ ಹಾಡು ಜೋರಾಗಿ ಕೇಳೋದು ನಿಮ್ಮ ಭ್ರಮೆ ಅಲ್ಲ. ಹಾಡಿನ ಮೆಲ್ಲನೆಯ ಭಾಗವನ್ನೂ ಎತ್ತರಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ಅದುಮುವ ಕೆಲಸ ಸ್ಟುಡಿಯೋದಲ್ಲೇ ನಡೆಯುತ್ತದೆ, ಅದಕ್ಕೆ ಕಂಪ್ರೆಷನ್ ಅನ್ನುತ್ತಾರೆ. ಅದು ಹಿಂದೆಯೂ ಇತ್ತು. ಸಿ.ಡಿ. ಕಾಲದಲ್ಲಿ, 1990ರ ದಶಕದಿಂದ ಈಚೆಗೆ, ನನ್ನ ಹಾಡು ಪಕ್ಕದವನ ಹಾಡಿಗಿಂತ ಜೋರಾಗಿರಲಿ ಅನ್ನೋ ಪೈಪೋಟಿಯಲ್ಲಿ ಅತಿಯಾಯಿತು. ಮದುವೆ ಮನೆಯಲ್ಲಿ ವಾಲಗಕ್ಕೆ ಕುಣಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಾಲಗದ ಗತ್ತು ಏರುತ್ತದೆ, ಇಳಿಯುತ್ತದೆ, ಆ ಇಳಿತದಲ್ಲಿ ಉಸಿರು ತಗೊಂಡು ಮತ್ತೆ ಕೈ ಎತ್ತುತ್ತೇವೆ. ಮಡಿಕೇರಿ ದಸರಾದಲ್ಲಿ ಮಂಟಪದ ಪಕ್ಕದ ಡಿಜೆ ಬಾಕ್ಸಿನ ಎದುರು ನಿಂತರೆ ಇಳಿತ ಅನ್ನೋದೇ ಇಲ್ಲ, ಎದೆಗೆ ಒಂದೇ ಸಮ ಗುದ್ದು.

ಸ್ಪಾಟಿಫೈನಲ್ಲಿ ಎಲ್ಲಾ ಹಾಡಿನ ಜೋರನ್ನೂ ಸುಮಾರು ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್ ಇದೆ, ವಾಲ್ಯೂಮ್ ನಾರ್ಮಲೈಸೇಶನ್ ಅಂತ. ಅದನ್ನು ಆನ್ ಮಾಡಿ. ಕ್ಯಾಸೆಟ್ಟನ್ನು ಫೋನಿನ ಜೊತೆ ಹೋಲಿಸಬೇಡಿ, ಎರಡೂ ಹಾಡನ್ನು ಒಂದೇ ಸ್ಪೀಕರಿನಲ್ಲಿ ಕೇಳಿ. ಹಳೇ ಹಾಡಿಗೆ ಯಾರೋ ಟಿವಿಯಿಂದ ಎತ್ತಿ ಹಾಕಿದ ವಿಡಿಯೋ ಬಿಟ್ಟು, ಆಡಿಯೋ ಕಂಪನಿಯವರೇ ಹಾಕಿರೋದನ್ನು ಹುಡುಕಿ.

ಈಗ ಹಾಡನ್ನು ಬಿಡಿಸಿ ನೋಡೋದು, ಸಿಪ್ಪೆ ಬೇರೆ ಬೀಜ ಬೇರೆ ಮಾಡಿದ ಹಾಗೆ. ಪದಗಳನ್ನು ಮಾತ್ರ ಹಾಳೆಗೆ ಬರೆದು, ವಾರ್ತೆ ಓದಿದ ಹಾಗೆ ಜೋರಾಗಿ ಓದಿ. ನಾನು ಇಲ್ಲಿ ಗೆಲ್ಲುತ್ತೇನೆ ಅಂತ ಕೂತಿದ್ದೆ. ಹಳೇ ಹನ್ನೆರಡರಲ್ಲಿ ಹೆಚ್ಚಿನವು ಬಾಳು, ಜೇನು, ಹಾಲು, ಹೊನಲು. ಹೊಸದರಲ್ಲಿ ಬ್ರೋ, ಬ್ರೇಕಪ್ಪು, ಎಣ್ಣೆ. ಎರಡು ಕಡೆಯೂ ಸವಕಲು ನಾಣ್ಯವೇ, ಮುದ್ರೆ ಮಾತ್ರ ಬೇರೆ. ಆದರೆ ಒಂದು ಮಾತು ಬಿಟ್ಟುಕೊಡಲಾರೆ. ಹಳೇ ಸವಕಲು ಪದವೂ ಛಂದಸ್ಸಿಗೆ ಸರಿಯಾಗಿ ಕೂತಿತ್ತು, ಹಾಡುವವರು ಅಕ್ಷರ ನುಂಗುತ್ತಿರಲಿಲ್ಲ. ಹೊಸದರಲ್ಲಿ ಟ್ಯೂನಿನ ಅಳತೆಗೆ ದೀರ್ಘ ಹ್ರಸ್ವವಾಗುತ್ತದೆ, ಹ್ರಸ್ವ ದೀರ್ಘವಾಗುತ್ತದೆ, ಕನ್ನಡದ ಕತ್ತು ಹಿಸುಕಿದ ಹಾಗೆ. ಅಕ್ಕನ ಮಗಳೂ ಇದಕ್ಕೆ ಹೂಂ ಅಂದಳು.

"ಹೊರಗಿನವರು ಹಾಡ್ತಾರೆ, ಅದಕ್ಕೇ ಹೀಗೆ" ಅಂತ ಮಾತ್ರ ಹೇಳಬೇಡಿ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್‌ಪಿಬಿ ಆಂಧ್ರದವರು, ವಾಣಿ ಜಯರಾಂ ತಮಿಳುನಾಡಿನ ವೆಲ್ಲೂರಿನವರು. ತುಂಬಾ ವರ್ಷ ಕನ್ನಡ ಹಾಡುಗಳ ರೆಕಾರ್ಡಿಂಗ್ ನಡೆದದ್ದೇ ಮದ್ರಾಸಿನಲ್ಲಿ. ಅಕ್ಷರ ತಿದ್ದಿಸೋಕೆ ಯಾರಾದರೂ ಎದುರು ಕೂತಿದ್ದರಾ ಅನ್ನೋದು ಮುಖ್ಯ, ಊರು ಯಾವುದು ಅನ್ನೋದಲ್ಲ.

ರಾಗಕ್ಕೆ ಇನ್ನೊಂದು ಪರೀಕ್ಷೆ. ವಾದ್ಯ, ಎಫೆಕ್ಟು, ವಿಡಿಯೋ ಏನೂ ಬೇಡ, ಯಾರಾದರೂ ಎರಡು ಹಾಡನ್ನೂ ಸುಮ್ನೆ ಬರೀ ಗಂಟಲಲ್ಲಿ ಗುನುಗಲಿ. ಕಣದಲ್ಲಿ ಕೂತು ಅವಳು ಗುನುಗಿದ್ದರಲ್ಲಿ ಒಂದು ಎಷ್ಟು ಚೆನ್ನಾಗಿತ್ತು ಅಂದರೆ, ಯಾವ ಕಾಲದ್ದೇ ಇದು, ಎಪ್ಪತ್ತರ ದಶಕದ್ದಾ ಅಂತ ಕೇಳಿದೆ. ಎರಡು ವರ್ಷದ ಹಿಂದಿನದಂತೆ. ಡ್ರಮ್ಮಿನ ಅಡಿಯಲ್ಲಿ ಹೂತು ಹೋಗಿದ್ದ ರಾಗ ಅದು. ಇನ್ನೊಂದು ಹೊಸದರಲ್ಲಿ ಗುನುಗೋಕೆ ಏನೂ ಸಿಗಲಿಲ್ಲ, ಬರೀ ತಾಳ. ಹಳೇ ಕ್ಯಾಬರೆಯ ಗತಿಯೂ ಅದೇ.

ಹೊಸ ಹಾಡನ್ನು ಒಂದೇ ಸಲ ಕೇಳಿ ತೀರ್ಪು ಕೊಡಬೇಡಿ. ಕೇಳಿ ಕೇಳಿಯೇ ಇಷ್ಟವಾಗುವ ಗುಣ ನಮ್ಮ ತಲೆಗೆ ಇದೆ, 1968ರಲ್ಲೇ ರಾಬರ್ಟ್ ಜೈಯಂಟ್ಸ್ (Zajonc) ಅನ್ನೋ ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಬರೆದಿದ್ದಾರೆ. ಹಳೇ ಹಾಡನ್ನು ನಾವು ರೇಡಿಯೋದಲ್ಲಿ, ಬಸ್ಸಿನಲ್ಲಿ, ಜಾತ್ರೆಯ ಮೈಕಿನಲ್ಲಿ ನೂರು ಸಲ ಕೇಳಿದ್ದೇವೆ. ಹೊಸದಕ್ಕೆ ಕನಿಷ್ಠ ಐದು ಸಲ ಕೊಡಿ, ನಡುವೆ ಒಂದು ವಾರ ಬಿಡಿ.

ಜೊತೆಗೆ ನಿಮ್ಮ ಹುಟ್ಟಿದ ವರ್ಷಕ್ಕೆ ಹದಿನೈದು ಕೂಡಿಸಿ ಆ ಹಾಳೆಯ ಮೇಲ್ಗಡೆ ಬರೆಯಿರಿ. ಹತ್ತರಿಂದ ಮೂವತ್ತರ ಒಳಗಿನ ನೆನಪುಗಳೇ ಮನುಷ್ಯನಿಗೆ ಜಾಸ್ತಿ ಅಂಟಿಕೊಳ್ಳೋದು, ಅದರಲ್ಲೂ ಹದಿವಯಸ್ಸಿನ ಹಾಡು. ನಿಮ್ಮ "ಸುವರ್ಣಯುಗ" ಆ ವರ್ಷದ ಆಸುಪಾಸಿನಲ್ಲೇ ಬಂದರೆ ಸ್ವಲ್ಪ ಅನುಮಾನ ಪಡಿ. ನನ್ನದು ಅಲ್ಲೇ ಬಂತು. ತಮಾಷೆ ಅಂದರೆ, 2006ರ 'ಮುಂಗಾರು ಮಳೆ', ನಮ್ಮ ಮಡಿಕೇರಿಯಲ್ಲೇ ಕಥೆ ನಡೆಯುವ ಸಿನಿಮಾ, ನನಗೆ ಅದು ಇನ್ನೂ ಹೊಸ ಹಾಡು. ಅಕ್ಕನ ಮಗಳು ಅದನ್ನು "ಹಳೇದು, ಅಮ್ಮನ ಕಾಲದ್ದು" ಅಂತಾಳೆ, ಅದೂ "ಅಂಥ ಹಾಡು ಈಗೆಲ್ಲಿ" ಅನ್ನೋ ದನಿಯಲ್ಲಿ.

ಈ ದೂರಿಗೂ ವಯಸ್ಸಾಗಿದೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದರೆ ಆಗುತ್ತಿರಲಿಲ್ಲ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಕಾಣೆಯಾಯಿತು. ಜನ ಏನು ಮಾಡಿದರು? ಶ್ರೀಲಂಕಾದ ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿ, ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ಕೇಳಿದರು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಶುರು ಮಾಡಬೇಕಾಯಿತು. ಈಗ ನಾವು ಕಣ್ಣು ತುಂಬಿಕೊಂಡು ಕೇಳೋದು ಆಗ ಬೇಡ ಅಂದ ಹಾಡುಗಳನ್ನೇ. ಹಾರ್ಮೋನಿಯಂ ಅನ್ನೂ 1940ರಿಂದ 1971ರವರೆಗೆ ರೇಡಿಯೋದಿಂದ ಹೊರಗಿಟ್ಟಿದ್ದರು.

"ವಿಜ್ಞಾನಿಗಳೇ ಹೇಳಿದ್ದಾರೆ" ಅಂತ ಯಾರಾದರೂ ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಪೂರ್ತಿ ಓದಿಸಿ. 2012ರಲ್ಲಿ ಸ್ಪೇನಿನ ಸಂಶೋಧಕರು 1955ರಿಂದ 2010ರವರೆಗಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪಾಶ್ಚಾತ್ಯ ಹಾಡುಗಳನ್ನು ಕಂಪ್ಯೂಟರಿನಲ್ಲಿ ಅಳೆದರು. ಸ್ವರದ ಓಡಾಟದಲ್ಲಿ ವೈವಿಧ್ಯ ಕಡಿಮೆಯಾಗಿದೆ, ನಾದದ ಬಣ್ಣ ಒಂದೇ ಥರ ಆಗುತ್ತಿದೆ, ಜೋರು ಏರಿದೆ ಅಂದರು. 2015ರಲ್ಲಿ ಲಂಡನ್ನಿನವರು ಅಮೆರಿಕದ ಹಿಟ್ ಪಟ್ಟಿಯ ಸುಮಾರು 17,000 ಹಾಡು ನೋಡಿ, ವರ್ಷ ಕಳೆದಂತೆ ಎಲ್ಲಾ ಒಂದೇ ಥರ ಆಗುತ್ತಿವೆ ಅನ್ನೋದಕ್ಕೆ ಸಾಕ್ಷಿ ಸಿಗಲಿಲ್ಲ ಅಂದರು. ಅವರ ಲೆಕ್ಕದಲ್ಲಿ ವೈವಿಧ್ಯ ತೀರಾ ಕಡಿಮೆ ಇದ್ದದ್ದು 1986ರ ಸುತ್ತ! ಎರಡೂ ಪಾಶ್ಚಾತ್ಯ ಹಾಡಿನ ಲೆಕ್ಕ, ಕನ್ನಡದ್ದಲ್ಲ.

ನಮ್ಮ ಮನೆಯ ಔಟ್‌ಟರ್ನ್ ಕೇಳಿ. ಹನ್ನೆರಡು ಹಳೇದರಲ್ಲಿ ಮತ್ತೆ ಕೇಳಬೇಕು ಅನಿಸಿದ್ದು ಮೂರು. ಹನ್ನೆರಡು ಹೊಸದರಲ್ಲಿ ಎರಡು, ಅವಳ ಲೆಕ್ಕದಲ್ಲಿ ನಾಲ್ಕು. ನನ್ನ ಮೂರು ದೂರಿನಲ್ಲಿ "ಕಿವಿಗೆ ಬಡಿಯುತ್ತೆ" ಪಾಸಾಯಿತು. "ಅರ್ಥ ಇಲ್ಲ" ಬಿದ್ದುಹೋಗಿ ಅದರ ಜಾಗಕ್ಕೆ "ಅಕ್ಷರ ನುಂಗ್ತಾರೆ" ಬಂತು. "ಒಂದೇ ಥರ" ಅರ್ಧ ಮಾತ್ರ. ಹಾಡು ಶುರುವಾಗುವ ಮುಂಚಿನ ಆ ಉದ್ದದ ಪಿಟೀಲು, ಕೊಳಲು ಈಗ ಇಲ್ಲ, ಅದು ನಿಜ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಹಾಡನ್ನು ಒಂದು ಸಲ ಕೇಳಿದ ಲೆಕ್ಕ. ಅಷ್ಟರೊಳಗೆ ಕೇಳುವವನನ್ನು ಹಿಡಿದು ಕೂರಿಸಬೇಕು ಅಂದಮೇಲೆ ಕೊಳಲಿಗೆ ಯಾರು ಕಾಯುತ್ತಾರೆ? ಹಿಂದೆಯೂ ಇಂಥ ಕಟ್ಟುಪಾಡು ಇತ್ತು ಅನ್ನಿ, ಗ್ರಾಮಫೋನಿನ 78 ಆರ್‌ಪಿಎಂ ಪ್ಲೇಟಿನ ಒಂದು ಕಡೆ ಮೂರು ಮೂರೂವರೆ ನಿಮಿಷ ಅಷ್ಟೇ ಹಿಡಿಯುತ್ತಿತ್ತು.

ಕೊನೆಗೆ ಎರಡು ಮಾತು, ಅನುಭವದಿಂದ. ಇದನ್ನು ಆಷಾಢದಲ್ಲಿ ಇಟ್ಟುಕೊಳ್ಳಬೇಡಿ. ಶೀಟಿನ ಮೇಲೆ ಮಳೆ ಬಿದ್ದರೆ ಹಳೇದೂ ಕೇಳಲ್ಲ, ಹೊಸದೂ ಕೇಳಲ್ಲ. ಇಟ್ಟುಕೊಳ್ಳಲೇಬೇಕು ಅಂದರೆ ಹಾಡೆಲ್ಲಾ ಮೊದಲೇ ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ. ನಮ್ಮ ಕಡೆ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ, ಹನ್ನೊಂದನೇ ಚೀಟಿಯಲ್ಲಿ ಜಗಳ ನಿಂತರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.