ಕಾನ್ಸೆಪ್ಟ್ ಆಲ್ಬಮ್ ಕೇಳೋದು ಹೇಗೆ: ಮೊದ್ಲು ಕಿವಿ, ಕಥೆ ಆಮೇಲೆ

ಪ್ರೋಗ್ ಮೆಟಲ್ (ಉದ್ದುದ್ದ, ತಿರುವುಮುರುವಿನ ಮೆಟಲ್ ಮ್ಯೂಸಿಕ್) ಆಲ್ಬಮ್‌ನಲ್ಲಿ ಹಾಡೆಲ್ಲ ಸೇರಿ ಒಂದೇ ಕಥೆ ಹೇಳಿದ್ರೆ (ಅದೇ ಕಾನ್ಸೆಪ್ಟ್ ಆಲ್ಬಮ್) ಮ್ಯೂಸಿಕ್ ಏಳುತ್ತೋ ಬೀಳುತ್ತೋ ಅಂತ ಜಗಳಕ್ಕೆ ಇಳಿಯೋ ಮುಂಚೆ ಒಂದು ಕೆಲಸ ಮಾಡಿ ಮಾರಾಯ್ರೆ, ಡ್ರೀಮ್ ಥಿಯೇಟರ್ ಬ್ಯಾಂಡಿನ 1999ರ ಸೀನ್ಸ್ ಫ್ರಮ್ ಎ ಮೆಮರಿ ಡೌನ್‌ಲೋಡ್ ಮಾಡ್ಕೊಂಡು ಮುಂಬಯಿ ಹತ್ರದ ಡೊಂಬಿವಲಿಯಲ್ಲಿ ಸಿಎಸ್‌ಎಂಟಿಗೆ (ಮುಂಬಯಿಯ ಕೊನೇ ಸ್ಟೇಷನ್) ಹೋಗೋ ಸ್ಲೋ ಲೋಕಲ್ ಟ್ರೈನ್ ಹತ್ತಿ. ಆಲ್ಬಮ್ 77 ನಿಮಿಷ, ಟ್ರೈನೂ ಹೆಚ್ಚುಕಮ್ಮಿ ಅಷ್ಟೇ. ಫಾಸ್ಟ್ ಬೇಡ, ಆ ರಶ್ಶಲ್ಲಿ ಇಯರ್‌ಫೋನ್ ವಯರ್ ಯಾರದ್ದೋ ಬ್ಯಾಗಿಗೆ ಸಿಕ್ಕಾಕೊಳ್ಳುತ್ತೆ (ನಂದು ಒಂದ್ಸಲ ಠಾಣೆಯಲ್ಲಿ ಇಳ್ದು ಹೋಗಿದೆ).

ಮೊದಲನೇ ಸಲ ಲಿರಿಕ್ಸ್ ನೋಡ್ಲೇಬೇಡಿ. ಎಲ್ಲಿ ನಿಮ್ಮ ಮನಸ್ಸು ಕಿಟಕಿ ಆಚೆ ಹೋಯ್ತೋ ಆ ಟ್ರ್ಯಾಕ್ ನಂಬರ್ ಫೋನಲ್ಲಿ ಬರ್ಕೊಳ್ಳಿ, ಸಾಕು.

ಎರಡನೇ ಸಲ ಮನೇಲಿ, ಲಿರಿಕ್ಸ್ ಎದುರಿಗಿಟ್ಕೊಂಡು. ನಿಕೊಲಸ್ ಅನ್ನೋನು ಹಿಪ್ನಾಸಿಸ್‌ನಲ್ಲಿ ಹಿಂದಿನ ಜನ್ಮಕ್ಕೆ ಹೋಗ್ತಾನೆ, 1928ರಲ್ಲಿ ಕೊಲೆಯಾದ ವಿಕ್ಟೋರಿಯಾ ತಾನೇ ಅಂತ ಗೊತ್ತಾಗುತ್ತೆ. ಬರೀ ಕಥೆ ನೋಡಿದ್ರೆ ಹಳೇ ಪುನರ್ಜನ್ಮದ ಸಿನಿಮಾ, ಎಂತ ದೊಡ್ಡದಿಲ್ಲ. ಆದ್ರೆ ಇವ್ರದ್ದೇ 1992ರ ಮೆಟ್ರೊಪೊಲಿಸ್ ಹಾಡಿನ ತುಣುಕುಗಳು ಇದ್ರೊಳಗೆ ಅಲ್ಲಲ್ಲಿ ತಲೆ ಎತ್ತುತ್ವೆ, ಓವರ್ಚರ್‌ನಲ್ಲಿ (ಶುರುವಿನಲ್ಲಿ ಬರೋ ಮಾತಿಲ್ಲದ ಟ್ರ್ಯಾಕ್) ಸುಮ್ನೆ ಹಾದುಹೋದ ಟ್ಯೂನು ಮುಂದೆ ಮಾತಿನ ಜೊತೆ ವಾಪಸ್ ಬರುತ್ತೆ, ಆಗ ಇದನ್ನ ಎಲ್ಲೋ ಕೇಳಿದ್ನಲ್ಲ ಅಂತ ನಮಗೆ ಅನ್ಸುತ್ತೆ ನೋಡಿ, ನಿಕೊಲಸ್‌ಗೂ ಅದೇ ಅನ್ಸೋದು. ಕಥೆ ಟ್ಯೂನಲ್ಲೇ ಉಂಟು. (ಇದರದ್ದೇ ಡ್ಯಾನ್ಸ್ ಆಫ್ ಎಟರ್ನಿಟಿ ಟ್ರ್ಯಾಕಲ್ಲಿ ಒಂದು ಮಾತಿಲ್ಲ, ಆರು ನಿಮಿಷದಲ್ಲಿ ತಾಳ ನೂರಕ್ಕೂ ಹೆಚ್ಚು ಸಲ ಬದಲಾಗುತ್ತೆ, ಕಥೆಗೆ ಅದು ಬೇಕಿತ್ತಾ ಕೇಳ್ಬೇಡಿ, ನಂಗೆ ಬೇಕು.)

ಈಗ ಅದೇ ಬ್ಯಾಂಡಿನ 2016ರ ದಿ ಅಸ್ಟಾನಿಶಿಂಗ್ ಹಾಕಿ. 34 ಟ್ರ್ಯಾಕ್, 130 ನಿಮಿಷ, ಐದು ಟ್ರ್ಯಾಕ್ ಬರೀ ಯಂತ್ರಗಳ ಕಿರ್‌ಗುಟ್ಟೋ ಸದ್ದು, ರಾಜ ರಾಜಕುಮಾರಿ ವಿಲನ್ ಎಲ್ಲರ ಪಾತ್ರಾನೂ ಬ್ಯಾಂಡಿನ ಗಾಯಕ ಜೇಮ್ಸ್ ಲಬ್ರಿ ಒಬ್ರೇ ಹಾಡ್ತಾರೆ, ಹಾಗಾಗಿ ಲಿರಿಕ್ಸ್ ಇಲ್ದೆ ಯಾರು ಯಾರಿಗೆ ಹೇಳ್ತಿದ್ದಾರೆ ಅಂತ್ಲೇ ತಿಳಿಯಲ್ಲ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ತಾಳಮದ್ದಲೆ (ವೇಷ ಕುಣಿತ ಇಲ್ಲದ ಯಕ್ಷಗಾನ) ಮಾಡ್ತಾರಲ್ಲ, ಅಲ್ಲಿ ಪಾತ್ರದ ಮಾತಾಡೋ ಅರ್ಥಧಾರಿ ಒಬ್ರು ಮುಗಿಸೋದೇ ಇಲ್ಲ, ಹಾಡೋ ಭಾಗವತರು ಜಾಗಟೆ ಹಿಡ್ಕೊಂಡು ಕಾಯ್ತಾ ಕೂತಿರ್ತಾರೆ, ಈ ಆಲ್ಬಮ್‌ನಲ್ಲಿ ಗಿಟಾರ್ ಪಾಡು ಅದೇ. ಅರ್ಥಗಾರಿಕೆ ಚೆನ್ನಾಗಿದ್ರೆ ತಾಳಮದ್ದಲೆಯಲ್ಲಿ ಅದೇ ಮಜಾ, ಇಲ್ಲಿ ಆ ಮಟ್ಟದ ಮಾತೂ ಇಲ್ಲ.

ಪಾತ್ರ ಜಾಸ್ತಿ ಇರೋದೇ ತಪ್ಪು ಅಂತಲ್ಲ. ಏರಿಯಾನ್ ಅನ್ನೋ ಪ್ರಾಜೆಕ್ಟಿನ 2004ರ ಆಲ್ಬಮ್ ದಿ ಹ್ಯೂಮನ್ ಈಕ್ವೇಶನ್ ಕೇಳಿ, ಕೋಮಾದಲ್ಲಿ ಬಿದ್ದವನ ತಲೆಯೊಳಗಿನ 20 ದಿನ, 20 ಟ್ರ್ಯಾಕ್, 11 ಜನ ಹಾಡ್ತಾರೆ. ಅವನ ಸಿಟ್ಟೇ ಒಂದು ಪಾತ್ರ, ಅದಕ್ಕೆ ಗಾಯಕ ಡೆವಿನ್ ಟೌನ್ಸೆಂಡ್ ಬಾಯಿ ಬಿಟ್ರೆ ಮುಗೀತು, ಲಿರಿಕ್ಸ್ ಯಾಕೆ ಬೇಕು! ಒಪೆತ್ ಬ್ಯಾಂಡಿನ ಸ್ಟಿಲ್ ಲೈಫ್ ಆಲ್ಬಮ್ ಕೂಡ ಹಂಗೆ, ಗ್ರೌಲ್‌ನಲ್ಲಿ (ಗುರುಗುಟ್ಟೋ ಹಾಡಿಕೆ) ಅರ್ಧ ಮಾತು ಅರ್ಥ ಆಗಲ್ಲ, ಆದ್ರೆ ಅದರ ಫೇಸ್ ಆಫ್ ಮೆಲಿಂಡಾ ಹಾಡು ಮೆತ್ತಗೆ ಶುರುವಾಗಿ ಹೇಗೆ ಭಾರ ಆಗ್ತಾ ಹೋಗುತ್ತೆ ಅಂತ ಕೇಳಿದ್ರೆ ಸಾಕು, ಕಥೆ ಕೊನೇಗೆ ಒಳ್ಳೇದಾಗಲ್ಲ ಅಂತ ಗೊತ್ತಾಗ್ಬಿಡುತ್ತೆ.

ಕೊನೇಗೆ ಆ ಬರ್ಕೊಂಡ ನಂಬರ್‌ಗಳಿಗೆ ವಾಪಸ್ ಹೋಗಿ. ಲಿರಿಕ್ಸ್ ಓದಿದ್ಮೇಲೂ ಅಲ್ಲಿ ಬೋರೇ ಆದ್ರೆ ತಪ್ಪು ನಿಮ್ದಲ್ಲ, ಧೈರ್ಯವಾಗಿ ಸ್ಕಿಪ್ ಮಾಡಿ. ಅಸ್ಟಾನಿಶಿಂಗ್‌ನಲ್ಲಿ ಹಂಗೆ ಕತ್ತರಿ ಹಾಕಿ ನಂಗೆ ಉಳಿದಿದ್ದು 11 ಹಾಡು, ಅದೇ ಟ್ರೈನಲ್ಲಿ ಕುರ್ಲಾ ಸ್ಟೇಷನ್ ಬರೋದ್ರೊಳಗೆ ಮುಗಿಯುತ್ತೆ.