ಚೆಕ್ ಬೌನ್ಸ್ ಆದ್ರೆ ತಾರೀಖು ಬರೆದಿಡಿ

ನಮ್ಮ ಹುಬ್ಬಳ್ಳಿಯ ದುರ್ಗದಬೈಲ್ ಕಡೆಯ ಅಂಗಡಿಯವರು ಪದೇ ಪದೇ ಕೇಳುವ ಪ್ರಶ್ನೆ: ‘ಗದಗಿನ ಪಾರ್ಟಿ ಕೊಟ್ಟ ಚೆಕ್ ಬೌನ್ಸ್ ಆಗೈತ್ರಿ, ಕೇಸ್ ಹಾಕಾಕ ಗದಗಕ್ಕ ಹೋಗಬೇಕೇನ್ರಿ?’ ಬೇಡ. ಹುಬ್ಬಳ್ಳಿ ಶಾಖೆಯಲ್ಲಿರುವ ನಿಮ್ಮ ಖಾತೆಗೆ ಚೆಕ್ ಹಾಕಿದ್ದರೆ ಕೇಸೂ ಹುಬ್ಬಳ್ಳಿಯಲ್ಲೇ. ಚೆಕ್ ಕಾನೂನಿಗೆ 2015ರಲ್ಲಿ ತಿದ್ದುಪಡಿ ಆದಮೇಲೆ ಹೀಗೇ ಇದೆ.

ಬ್ಯಾಂಕಿನವರು ವಾಪಸ್ ಬಂದ ಚೆಕ್ ಜೊತೆ ಒಂದು ಸಣ್ಣ ಚೀಟಿ ಕೊಡ್ತಾರೆ, ರಿಟರ್ನ್ ಮೆಮೊ. ‘ಫಂಡ್ಸ್ ಇನ್‌ಸಫಿಶಿಯೆಂಟ್’ (ಖಾತೆಯಲ್ಲಿ ಸಾಕಷ್ಟು ದುಡ್ಡಿಲ್ಲ) ಅಂತ ಕಾರಣ ಅದರಲ್ಲೇ ಇರುತ್ತದೆ. ಅದನ್ನು ಕಳೀಬೇಡಿ. ಅದು ಕೈಗೆ ಬಂದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕಳಿಸಬೇಕು, ಚೆಕ್ಕಿನಲ್ಲಿರುವ ಮೊತ್ತವನ್ನೇ ಕೇಳಬೇಕು. ಸ್ಪೀಡ್ ಪೋಸ್ಟ್ ರಸೀದಿಯ ಫೋಟೊ ತೆಗೆದಿಡಿ, ಅದರ ಅಕ್ಷರ ಬೇಗ ಮಾಸುತ್ತದೆ.

ನೋಟಿಸ್ ಮುಟ್ಟಿದಮೇಲೆ ಅವರಿಗೆ 15 ದಿನ ಟೈಮ್. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ‘ಬರೋ ಸೋಮವಾರ ಕೊಡ್ತೀನ್ರೀ ಅಣ್ಣಾರ’ ಅನ್ನೋ ಮಾತು ನಂಬಿ ಸುಮ್ನೆ ಕೂತವರೇ ಜಾಸ್ತಿ!

ಚೆಕ್ ಇಲ್ಲದ ಕೈಗಡವಾದರೆ ಸಾಮಾನ್ಯವಾಗಿ 3 ವರ್ಷದೊಳಗೆ ಸಿವಿಲ್ ದಾವೆ ಹಾಕಬೇಕು. ವಕೀಲರ ಫೀಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ ಕೇಳಿ.