ಚನ್ನಪಟ್ಟಣದ ಗೊಂಬೆ ಯುರೋಪಿಗೆ ಕಳಿಸಬೇಕಾ? ಸಿಇ ಗುರುತು ಹಾಕುವ ಮೊದಲು ಇಷ್ಟು ಮಾಡಿ

ಜರ್ಮನಿಯಿಂದಲೋ ಫ್ರಾನ್ಸಿನಿಂದಲೋ ಒಬ್ಬರು ಬೈಯರ್ ಮೇಲ್ ಮಾಡ್ತಾರೆ. ಗೊಂಬೆ ತುಂಬಾ ಇಷ್ಟವಾಯ್ತು, ಐನೂರು ಪೀಸ್ ಬೇಕು, ಸಿಇ (ಅಲ್ಲಿನ ಸುರಕ್ಷತೆಯ ಕಾನೂನಿನಂತೆ ಇದೆ ಅನ್ನುವ ಗುರುತು) ಇದೆಯಾ ಅಂತ ಕೇಳ್ತಾರೆ. ಅಲ್ಲಿಂದ ನಮ್ಮ ಓಡಾಟ ಶುರು. ಈ ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ, ಯಾರು ಕೊಡ್ತಾರೆ, ಎಷ್ಟು ಖರ್ಚು?

ಯಾರೂ ಕೊಡುವುದಿಲ್ಲ. ಗೊಂಬೆಗೆ ಸಿಇ ಕೊಡುವ ಸರ್ಕಾರಿ ಕಚೇರಿ ಯುರೋಪಿನಲ್ಲಿ ಇಲ್ಲವೇ ಇಲ್ಲ. ತಯಾರಿಸಿದವರೇ, ಅಂದರೆ ನೀವೇ, ಪರೀಕ್ಷೆ ಮಾಡಿಸಿ, ಕಾಗದ ಪತ್ರ ಜೋಡಿಸಿ, ‘ಈ ಗೊಂಬೆ ಅಲ್ಲಿನ ಕಾನೂನಿನಂತೆ ಇದೆ, ಹೊಣೆ ನನ್ನದು’ ಅಂತ ಬರೆದು ಸಹಿ ಹಾಕಿ, ಆಮೇಲೆ ಆ ಎರಡು ಅಕ್ಷರ ಒತ್ತಬೇಕು. ಎರಡು ದಿನದಲ್ಲಿ ಸಿಇ ಕೊಡಿಸ್ತೀವಿ ಅನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ನಾವು ಒಮ್ಮೆ ಕೊಟ್ಟೆವು. ಚೆಂದದ ಮುದ್ರೆ ಇದ್ದ ಒಂದು ಹಾಳೆ ಬಂತು, ಅದರಲ್ಲಿ ಒಂದು ಟೆಸ್ಟಿನ ಫಲಿತಾಂಶವೂ ಇರಲಿಲ್ಲ. ಬೈಯರ್ ಒಪ್ಪಲಿಲ್ಲ. ದುಡ್ಡೂ ಹೋಯ್ತು, ಒಂದು ತಿಂಗಳೂ ಹೋಯ್ತು.

ಇನ್ನೊಂದು ವಿಷಯ. ಬೈಯರ್ ತಮ್ಮದೇ ಹೆಸರು, ತಮ್ಮದೇ ಬ್ರ್ಯಾಂಡ್ ಹಾಕಿ ಮಾರುವುದಾದರೆ ಕಾನೂನಿನ ಕಣ್ಣಿಗೆ ತಯಾರಕರು ಅವರೇ ಆಗ್ತಾರೆ. ಸಿಇ ಕೆಲಸ ಅವರದ್ದು. ಆದರೂ ಟೆಸ್ಟ್ ರಿಪೋರ್ಟ್ ನಿಮ್ಮನ್ನೇ ಕೇಳ್ತಾರೆ. ಹಾಗಾಗಿ ಇದನ್ನು ಆರ್ಡರ್ ಒಪ್ಪುವ ಮೊದಲೇ ಮಾತಾಡಿಕೊಳ್ಳಿ.

ಮೊದಲ ಕೆಲಸ, ನೀವು ಮಾಡುವ ವಸ್ತುಗಳನ್ನು ಬೇರೆ ಬೇರೆ ಮಾಡಿ ಇಡಿ. 14 ವರ್ಷದೊಳಗಿನ ಮಕ್ಕಳು ಆಡಲು ಅಂತ ಮಾಡಿದ್ದಕ್ಕೆ ಗೊಂಬೆಯ ಕಾನೂನು, ಅಂದರೆ 2009/48 ನಿರ್ದೇಶನ, ಅನ್ವಯಿಸುತ್ತೆ. ಅದಕ್ಕೆ ಸಿಇ ಬೇಕೇ ಬೇಕು. ಬಳೆ, ಅಡುಗೆ ಸೌಟು, ಕುಂಕುಮದ ಭರಣಿ ಇಂಥವಕ್ಕೆ ಸಿಇ ಇಲ್ಲ. ಇರಲಿ ಅಂತ ಸುಮ್ನೆ ಹಾಕುವ ಹಾಗೂ ಇಲ್ಲ, ಬೇಡದ ವಸ್ತುವಿಗೆ ಹಾಕಿದರೆ ಅದೇ ತಪ್ಪಾಗುತ್ತೆ. ನಮ್ಮಲ್ಲಿನ ಐಎಸ್‌ಐ ಗುರುತು ಇಲ್ಲಿ ಮಾರಾಟಕ್ಕೆ, ಅಲ್ಲಿ ನಡೆಯಲ್ಲ. ಜಿಐ ಟ್ಯಾಗ್ ಕೂಡ ಊರಿನ ಹೆಸರನ್ನು ಕಾಪಾಡುತ್ತೆ ಅಷ್ಟೇ, ಸುರಕ್ಷತೆ ಬಗ್ಗೆ ಅದು ಏನೂ ಹೇಳುವುದಿಲ್ಲ.

ಆಮೇಲೆ ವಯಸ್ಸು. ಎಲ್ಲರೂ ಎಡವುವುದು ಇಲ್ಲೇ. ಮೂರು ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತೆ, ಅದಕ್ಕೇ ಅವರ ಗೊಂಬೆಗೆ ನಿಯಮ ಬಿಗಿ. ಆ ಪರೀಕ್ಷೆ ಬೇಡ ಅಂತ ಗಿಲಕಿಯ ಮೇಲೆ ‘36 ತಿಂಗಳೊಳಗಿನ ಮಕ್ಕಳಿಗಲ್ಲ’ ಅಂತ ಬರೆದರೆ ಯಾರೂ ಒಪ್ಪಲ್ಲ. ಗಿಲಕಿ ಆಡೋದು ಕೂಸೇ ಅಲ್ವಾ? ನೋಡಿದ ಕೂಡಲೇ ಯಾರಿಗೆ ಮಾಡಿದ್ದು ಅಂತ ಗೊತ್ತಾಗುವ ವಸ್ತುವಿಗೆ ಆ ಎಚ್ಚರಿಕೆ ಹಾಕಲು ಬರುವುದಿಲ್ಲ.

ಮೂರು ವರ್ಷದೊಳಗಿನವರ ಗೊಂಬೆಯಾದರೆ ಲ್ಯಾಬಿಗೆ ಕಳಿಸುವ ಮೊದಲು ಒಂದು ಪರೀಕ್ಷೆ ನೀವೇ ಮಾಡಿ. ದುಡ್ಡು ಉಳಿಯುತ್ತೆ. ಲೇತ್ ಇದೆ, ಮರ ಇದೆ. 31.7 ಮಿಲಿಮೀಟರ್ ಅಗಲದ ಒಂದು ಉರುಳೆ ತೂತು ಕೊರೆಯಿರಿ. ತಳ ಓರೆಯಾಗಿರಲಿ, ಒಂದು ಕಡೆ 25.4 ಮಿಲಿಮೀಟರ್ ಆಳ, ಎದುರು ಕಡೆ 57.1. ಚಿಕ್ಕ ಮಗುವಿನ ಗಂಟಲಿನ ಅಳತೆಗೆ ಹೊಂದಿಸಿದ್ದು ಇದು. ಗೊಂಬೆ, ಅದರಿಂದ ಬಿಚ್ಚಿ ಬರುವ ಭಾಗ, ಮುರಿದು ಬೀಳುವ ಚೂರು, ಯಾವುದೂ ಹೇಗೆ ಇಟ್ಟರೂ ಇದರೊಳಗೆ ಪೂರ್ತಿ ಇಳಿಯಬಾರದು. ಈಗ ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ತಗೊಳ್ಳಿ. ಗಾಡಿಯ ಚಕ್ರಕ್ಕೆ ಕಟ್ಟಿ ನಿಧಾನವಾಗಿ ಎಳೆಯಿರಿ. ಸುಮಾರು 9 ಕಿಲೋ ಬಂದಾಗ ಹತ್ತು ಸೆಕೆಂಡ್ ಹಾಗೇ ಹಿಡಿಯಿರಿ. ಲ್ಯಾಬಿನಲ್ಲಿ ಹಾಕುವುದು 90 ನ್ಯೂಟನ್, ಹತ್ತಿರ ಹತ್ತಿರ ಅಷ್ಟೇ. ನಮ್ಮ ಮೊದಲ ಗಾಡಿಯಲ್ಲಿ ಮುಂದಿನ ಚಕ್ರ ಗೂಟದ ಸಮೇತ ಕಿತ್ತು ಬಂತು, ಉರುಳೆಯೊಳಗೆ ಟಪ್ ಅಂತ ಇಳಿದೂ ಹೋಯ್ತು. ಅವತ್ತು ನನಗೆ ನಿಜವಾಗಿ ಭಯವಾಯ್ತು. ಅದೇ ಗಾಡಿಯಲ್ಲಿ ನಮ್ಮ ಮನೆ ಮಗುವೂ ಆಡಿತ್ತು.

ಕಾರಣ ಹುಡುಕಿದಾಗ ಗೊತ್ತಾಗಿದ್ದು, ಮರ ಸರಿಯಾಗಿ ಒಣಗಿರಲಿಲ್ಲ. ಆಲೆ ಮರ ಹಸಿಯಿದ್ದಾಗ ಬಿಗಿಯಾಗಿ ಕೂತ ಗೂಟ ಒಣಗಿದ ಮೇಲೆ ಸಡಿಲವಾಗುತ್ತೆ. ಯುರೋಪಿನ ಮನೆಗಳಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿ ಗಾಳಿ ಒಣಗಿರುತ್ತೆ, ಅಲ್ಲಿ ಇನ್ನೂ ಬೇಗ. ಹಾಗಾಗಿ ಮರವನ್ನು ಚೆನ್ನಾಗಿ ಒಣಗಿಸಿ, ಗೂಟಕ್ಕೆ ಅಂಟು ಹಾಕಿ. ಅಂಟು ಹಾಕಿದ ಮೇಲೆ ನೀರಿನ ಪರೀಕ್ಷೆಯೂ ಇದೆ. ನಾಲ್ಕು ನಿಮಿಷ ನೀರಲ್ಲಿ ಮುಳುಗಿಸಿ, ಹತ್ತು ನಿಮಿಷ ಹೊರಗಿಟ್ಟು, ಹೀಗೆ ನಾಲ್ಕು ಸಲ ಮಾಡಿ ಆಮೇಲೆ ಎಳೆದು ನೋಡ್ತಾರೆ. ನೀರಿಗೆ ಬಿಡುವ ಅಂಟು ಇಲ್ಲೇ ಗೊತ್ತಾಗುತ್ತೆ.

ಬಣ್ಣದ ವಿಷಯಕ್ಕೆ ಬರೋಣ. ಅರಗು ಮರದಲ್ಲಿ ಹುಳ ಮಾಡುವುದು, ಅರಿಶಿನ ಅಡುಗೆ ಮನೆಯದ್ದು, ನಮ್ಮದು ನ್ಯಾಚುರಲ್, ಇದಕ್ಕೆಂಥ ಟೆಸ್ಟ್ ಅಂತ ತುಂಬಾ ಜನ ಕೇಳ್ತಾರೆ. ಕಾನೂನು ಹಾಗೆ ನೋಡುವುದಿಲ್ಲ, ನೋಡಬಾರದು ಕೂಡ. ಅರಿಶಿನ ಪುಡಿಗೆ ಹಳದಿ ಜಾಸ್ತಿ ಕಾಣಲಿ ಅಂತ ಲೆಡ್ ಕ್ರೋಮೇಟ್ (ಸೀಸ ಇರುವ ಹಳದಿ ಬಣ್ಣ) ಬೆರೆಸುವುದು ನಮ್ಮ ಉಪಖಂಡದಲ್ಲಿ ಸಿಕ್ಕಿಬಿದ್ದಿರುವ ವಂಚನೆ. ಆ ಪುಡಿ ನಿಮ್ಮ ಅರಗಿಗೆ ಬಿದ್ದರೆ ಗೊಂಬೆಯಲ್ಲಿ ಸೀಸ ಬಂತು ಅಂತಲೇ. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕೆಟ್ಟದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಗೊಂಬೆಯ ಪರೀಕ್ಷೆಗೆ ಯುರೋಪಿನಲ್ಲಿರುವ ಮಾನದಂಡ ಇಎನ್ 71. ಅದರ ಮೂರನೇ ಭಾಗದಲ್ಲಿ ಹೊಟ್ಟೆಯ ಆಮ್ಲದಂಥ ದ್ರಾವಣದಲ್ಲಿ ಬಣ್ಣದ ಕೆರೆತವನ್ನು ಇಟ್ಟು 19 ಬಗೆಯ ಲೋಹ ಮುಂತಾದವು ಎಷ್ಟು ಬಿಡುತ್ತವೆ ಅಂತ ಅಳೀತಾರೆ. ಕೆರೆದು ತೆಗೆದ ಬಣ್ಣಕ್ಕೆ ಸೀಸದ ಮಿತಿ ಕಿಲೋಗೆ 23 ಮಿಲಿಗ್ರಾಂ. ಮೊದಲು 160 ಇತ್ತು, 2018ರ ಅಕ್ಟೋಬರಿನಿಂದ ಇಳಿಸಿದ್ದಾರೆ. ಹಳೇ ರಿಪೋರ್ಟ್ ಇದ್ದರೆ ಅದನ್ನು ನಂಬಿ ಕೂರಬೇಡಿ.

ಲ್ಯಾಬಿಗೆ ಕಳಿಸುವಾಗ ಪ್ರತಿ ಬಣ್ಣದ ಮಾದರಿ ಬೇರೆ ಬೇರೆ ಕೊಡಿ. ಇಎನ್ 71ರ ಒಂದು, ಎರಡು, ಮೂರನೇ ಭಾಗ ಮಾಡಿ ಅಂತ ಕೇಳಿ. ಒಂದನೆಯದು ಎಳೆತ, ಬೀಳಿಕೆ, ಚೂಪು ತುದಿ ಇತ್ಯಾದಿ, ಎರಡನೆಯದು ಬೆಂಕಿ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ನಮ್ಮ ದೇಶದ ಮಂಡಳಿ) ಮಾನ್ಯತೆ ಇದ್ದರೆ ಸಾಲದು, ಆ ಮಾನ್ಯತೆಯ ಪಟ್ಟಿಯಲ್ಲಿ ಇದೇ ಪರೀಕ್ಷೆಗಳು ಇವೆಯಾ ನೋಡಿ. ಗಿಲಕಿಯಾದರೆ ಹಿಡಿಯ ತುದಿಯ ಆಕಾರಕ್ಕೂ ಬೇರೆ ಅಚ್ಚು ಇದೆ, ಪೂರ್ತಿ ಲಾಟ್ ಕಡೆಯುವ ಮೊದಲು ಒಂದು ಪೀಸ್ ಕಳಿಸಿ ಕೇಳಿಬಿಡಿ.

ಪಾಸಾದ ಮೇಲೆ ಫೈಲ್. ಗೊಂಬೆಯ ಫೋಟೋ, ಅಳತೆ, ಮರ, ಅರಗು, ಬಣ್ಣ, ಅಂಟು ಎಲ್ಲಿಂದ ಬಂತು, ಅಪಾಯ ಏನೇನಿತ್ತು, ಅದಕ್ಕೆ ಏನು ಮಾಡಿದಿರಿ, ಟೆಸ್ಟ್ ರಿಪೋರ್ಟ್. ಇದರ ಜೊತೆಗೆ ನೀವು ಸಹಿ ಹಾಕಿದ ಘೋಷಣೆ. 10 ವರ್ಷ ಇಟ್ಟುಕೊಳ್ಳಬೇಕು. ಆಮೇಲೆ ಗುರುತು. ಎತ್ತರ 5 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ಅಕ್ಷರದ ಆಕಾರ ನಿಗದಿಯಾಗಿರುವಂತೆಯೇ ಇರಬೇಕು, ಸುಲಭವಾಗಿ ಅಳಿಸಿ ಹೋಗಬಾರದು. ಗೊಂಬೆ ಚಿಕ್ಕದಾದರೆ ಲೇಬಲ್ ಮೇಲೆ ಹಾಕಬಹುದು. ಪಕ್ಕದಲ್ಲಿ ನಿಮ್ಮ ಹೆಸರು, ವಿಳಾಸ, ಬ್ಯಾಚ್ ನಂಬರ್, ಅಲ್ಲಿ ತರಿಸಿಕೊಂಡವರ ಹೆಸರು, ವಿಳಾಸ. ಎಚ್ಚರಿಕೆಯ ಮಾತು ಮಾರುವ ದೇಶದ ಭಾಷೆಯಲ್ಲಿರಲಿ.

ನಿಮ್ಮ ವೆಬ್‌ಸೈಟಿನಿಂದ ನೇರವಾಗಿ ಗಿರಾಕಿಗೆ ಪಾರ್ಸೆಲ್ ಮಾಡ್ತೀರಾ? ಹಾಗಾದರೆ ಯುರೋಪಿನ ಒಕ್ಕೂಟದೊಳಗೆ ನಿಮ್ಮ ಪರವಾಗಿ ಹೊಣೆ ಹೊರುವ ಒಬ್ಬರು ಇರಲೇಬೇಕು. 2021ರ ಜುಲೈ 16ರಿಂದ ಇದು ಕಡ್ಡಾಯ. ಅಧಿಕಾರಿಗಳು ಫೈಲ್ ಕೇಳಿದರೆ ಕೊಡಬೇಕಾದವರು ಅವರು. ಬ್ರಿಟನ್ ಒಕ್ಕೂಟದಿಂದ ಹೊರಗಿದ್ದರೂ ಗೊಂಬೆಗೆ ಸಿಇ ಒಪ್ಪುತ್ತೆ. ಹೊಸ ಗೊಂಬೆ ಕಾನೂನು 2025ರಲ್ಲಿ ಬಂದಿದೆ, 2030ರ ಆಗಸ್ಟ್ 1ರಿಂದ ಜಾರಿ. ಆಗ ಪ್ರತಿ ಗೊಂಬೆಗೂ ಡಿಜಿಟಲ್ ಪಾಸ್‌ಪೋರ್ಟ್ (ಗೊಂಬೆಯ ಸುರಕ್ಷತೆಯ ವಿವರ ಇರುವ ಕಂಪ್ಯೂಟರ್ ದಾಖಲೆ) ಬೇಕಾಗುತ್ತೆ, ಈಗಿನಿಂದಲೇ ಫೈಲನ್ನು ಕಂಪ್ಯೂಟರಿನಲ್ಲಿ ಇಡುವ ಅಭ್ಯಾಸ ಮಾಡಿ.

ಬಣ್ಣ ಕೊಡುವ ಅಂಗಡಿ ಬದಲಾದರೆ, ಅಂಟು ಬದಲಾದರೆ, ಹಳೇ ರಿಪೋರ್ಟ್ ಆ ಗೊಂಬೆಯದ್ದಲ್ಲ. ನಮ್ಮಲ್ಲಿ ಲೇತ್ ಪಕ್ಕದ ಗೋಡೆಗೆ ಒಂದು ನೋಟ್‌ಬುಕ್ ನೇತು ಹಾಕಿದ್ದೇವೆ. ಹೊಸ ಬಣ್ಣದ ಡಬ್ಬಿ ಒಡೆದ ದಿನ, ಅಂಗಡಿ ಹೆಸರು, ಯಾವ ಬ್ಯಾಚಿಗೆ ಹೋಯ್ತು, ಇಷ್ಟನ್ನು ಕಡೆಯುವ ಅಣ್ಣನೇ ಬರೆದಿಡ್ತಾರೆ.